ಹಳದಿ ಪಟ್ಟಿ

"ಸ್ವಲ್ಪ ಬೆಲ್ಲ, ಒಂದು ಚೊಂಬು ನೀರು ಕೊಡ್ತೀರಾ?" ಎಂದು ಮೈಸೂರಿನಿಂದ ಬಂದ ಹುಡುಗಿ ಕೇಳಿದಾಗ ನಂಜೇಶನಿಗೆ ಖುಷಿಯಾಯಿತು. ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವುದನ್ನು ಬಿಳಿಗೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವ್ವ ಬೆಳಗಿಟ್ಟಿದ್ದ ಹಿತ್ತಾಳೆ ಚೊಂಬನ್ನೇ ತಂದ. ಅವಳು ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಯಾ ಬೀಜದ ಮೇಲೆ ಸುರಿದೇಬಿಟ್ಟಳು!

"ಅಯ್ಯೋ, ಕುಡಿಯಾಕೆ ಅಲ್ವಾ ಮೇಡಂ?"

"ಬೀಜಕ್ಕೆ ಕಣ್ರೀ. ಈ ಬ್ಯಾಕ್ಟೀರಿಯಾ ಪುಡಿ ಅಂಟಬೇಕಲ್ಲ?"

ನಗುತ್ತಲೇ ಮುಂಗುರುಳನ್ನು ಹಿಂದಕ್ಕೆ ತಳ್ಳಿಕೊಂಡಳು. ಹಣೆಯ ಮೇಲೆ ಕಪ್ಪು ಪುಡಿಯ ಗೆರೆಯೊಂದು ಉಳಿಯಿತು. ಹೇಳಿದರೆ ಒರೆಸಿಕೊಳ್ಳುತ್ತಾಳಲ್ಲ ಎಂದು ನಂಜೇಶ ಹೇಳಲೇ ಇಲ್ಲ.

ಅದು ತೊಂಬತ್ತೆಂಟರ ಮುಂಗಾರು. ಸುಚೇತಾ ಸೋಯಾ ಬೇರಿನ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ನಂಜೇಶನ ಹೊಲದಲ್ಲಿ ಐದು ಪಟ್ಟಿ ಬಿತ್ತಿದಳು. ನಾಲ್ಕಕ್ಕೆ ನಾಲ್ಕು ಬಗೆಯ ಬ್ಯಾಕ್ಟೀರಿಯಾ, ಐದನೆಯದಕ್ಕೆ ಏನೂ ಇಲ್ಲ. ಪ್ರತಿ ಬುಧವಾರ ಬಸ್ಸಿನಲ್ಲಿ ಬರುತ್ತಿದ್ದಳು. ಮಂಗಳವಾರ ರಾತ್ರಿಯಿಂದಲೇ ನಂಜೇಶನಿಗೆ ನಿದ್ದೆ ಇರುತ್ತಿರಲಿಲ್ಲ.

ಒಂದು ದಿನ ಗಿಡವೊಂದನ್ನು ಅಗೆದು, ಬೇರಿನ ಪುಟ್ಟ ಗಂಟನ್ನು ಉಗುರಿನಿಂದ ಸೀಳಿ ತೋರಿಸಿದಳು. ಒಳಗೆ ನಸುಗೆಂಪು.

"ಇದು ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತೆ, ಗಿಡ ಇದಕ್ಕೆ ಸಕ್ಕರೆ ಕೊಡುತ್ತೆ. ಆದ್ರೆ ಎಲ್ಲಾ ಒಂದೇ ಥರ ಅಲ್ಲ. ಕೆಲವು ತಿಂದು ಸುಮ್ನೆ ಕೂತಿರ್ತವೆ."

"ಅಂಥೋರು ನಮ್ಮೂರಲ್ಲೂ ಅವ್ರೆ ಬುಡಿ."

"ನೀವು ಯಾವ ಗುಂಪು?" ಎಂದು ಓರೆಗಣ್ಣಲ್ಲಿ ನೋಡಿದಳು.

ಅವನ ಕಿವಿ ಬಿಸಿಯಾಯಿತು. ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಹೋಗಿದ್ದಳು. ಅವಳು ಓದಿದವಳು, ಪಟ್ಟಣದವಳು, ಬೇರೆ ಜಾತಿಯವಳು. ಕೊಯ್ಲಾದ ಮೇಲೆ ಈ ಕಡೆ ಯಾಕೆ ಬರುತ್ತಾಳೆ? ಹೇಗಾದರೂ ಅಷ್ಟರೊಳಗೆ ಹೇಳಿಬಿಡಬೇಕು ಎಂದುಕೊಳ್ಳುವುದು, ಅವಳನ್ನು ಕಂಡ ಕೂಡಲೇ ನಾಲಿಗೆ ಬಿದ್ದುಹೋಗುವುದು.

ಈ ನಡುವೆ ಐದನೆಯ ಪಟ್ಟಿ ಹಳದಿಯಾಯಿತು. ಅವಳ ಗೈಡ್ ನೋಡಲು ಬರುತ್ತಾರಂತೆ. ಅವಳ ಕೈಯಿಂದ ಬಿತ್ತಿದ್ದು ಹೀಗೆ ಸೊರಗುವುದೆಂದರೇನು! ಯಾರಿಗೂ ಹೇಳದೆ ನಂಜೇಶ ಎರಡು ಬೊಗಸೆ ಯೂರಿಯಾ ಎರಚಿದ.

ಮುಂದಿನ ಬುಧವಾರ ಪಟ್ಟಿ ಹಸಿರಾಗಿತ್ತು. ಸುಚೇತಾ ಅಲ್ಲೇ ನಿಂತುಬಿಟ್ಟಳು.

"ಯೂರಿಯಾ ಹಾಕಿದ್ರಾ?"

"ಅಳದಿ ಆಗಿತ್ತಲ್ಲ ಮೇಡಂ... ನಿಮ್ ಮೇಷ್ಟ್ರು ಬೈದಾರು ಅಂತ..."

"ಅದು ಹಳದಿಯಾಗೇ ಇರಬೇಕಿತ್ತು ನಂಜೇಶ್. ಅದಿಲ್ದೆ ಉಳಿದಿದ್ದನ್ನ ಯಾವುದಕ್ಕೆ ಹೋಲಿಸಲಿ? ನನ್ನ ಒಂದು ವರ್ಷ ಹೋಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬದುವಿನ ಮೇಲೆ ಕೂತು ಅತ್ತಳು. ಆಮೇಲೆ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟುಹೋದಳು.

"ಗಣಪತಿ ಮಾಡು ಅಂದ್ರೆ ಅವ್ರಪ್ಪನ್ನ ಮಾಡ್ದೆ ಕಣ್ಲಾ," ಎಂದರು ಅವ್ವ ಚನ್ನಾಜಮ್ಮ.

ಬುಧವಾರಗಳು ಬಂದವು, ಅವಳು ಬರಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಮರುವರ್ಷ ಪ್ರಯೋಗ ಮುಡುಕುತೊರೆ ಕಡೆಗೆ ಹೋಯಿತೆಂದು ಕೃಷಿ ಇಲಾಖೆಯ ಶಿವಸ್ವಾಮಿ ಹೇಳಿದ. ನಂಜೇಶ ಒಂದು ವಾರ ತಡೆದ. ಆಮೇಲೆ ಒಗೆದ ಅಂಗಿ ತೊಟ್ಟು ಟಿ. ನರಸೀಪುರದ ಮೇಲೆ ಮುಡುಕುತೊರೆಗೆ ಹೋಗುವ ಬಸ್ಸು ಹತ್ತಿದ.

ಸುಚೇತಾ ಹೊಲದಲ್ಲಿದ್ದಳು, ಸ್ವಲ್ಪ ಕಪ್ಪಾಗಿದ್ದಳು. ಅವನನ್ನು ಕಂಡವಳೇ ಓಡಿಬಂದು ಐದನೆಯ ಪಟ್ಟಿಗೆ ಅಡ್ಡ ನಿಂತಳು.

"ಇದನ್ನ ಮುಟ್ಟಬೇಡಿ!"

"ಇಲ್ಲ ಮೇಡಂ. ನೋಡ್ಕೊಂಡು ಓಗಾಕೆ ಬಂದೆ."

"ಏನನ್ನ?"

"ನಿಮ್ಮನ್ನ."

ಹೇಳಿಯೇಬಿಟ್ಟಿದ್ದ. ಇನ್ನು ಮುಚ್ಚಿಡುವುದೇನಿದೆ? "ನಿಮ್ದು ಯಾವ್ದೂ ಬಾಡಬಾರದು ಅನ್ನಿಸ್ತು, ಅದುಕ್ಕೇ ಅವತ್ತು ಎರಚ್ದೆ. ಓದ್ ವರ್ಸದಿಂದ ನನಗೆ ಊಟ ಸೇರ್ತಿಲ್ಲ, ಹೊಲ ಬೇಡಾಗದೆ. ಇಷ್ಟಪಟ್ಟಿವ್ನಿ. ಬೇಡ ಅಂದ್ರೆ ಇದೇ ಬಸ್ಸಲ್ಲಿ ವಾಪಸ್ ಓಯ್ತೀನಿ."

ಪಟ್ಟಿಗೆ ಅಡ್ಡ ನಿಂತಿದ್ದವಳು ಪಕ್ಕಕ್ಕೆ ಸರಿದಳು.

"ಈ ವರ್ಷವೂ ಬಿಳಿಗೆರೆಯೇ ಬೇಕು ಅಂತ ಗೈಡ್ ಹತ್ರ ಜಗಳ ಆಡಿದ್ದೆ ಕಣ್ರೀ," ಎಂದಳು ಮೆಲ್ಲಗೆ. "ಹೊಲ ಕೆಡಿಸಿದವನ ಹತ್ರ ಮತ್ಯಾಕೆ ಹೋಗ್ತೀಯ ಅಂತ ಕೇಳಿದ್ರು. ಉತ್ತರ ಗೊತ್ತಿತ್ತು, ಹೇಳೋಕಾಗಲಿಲ್ಲ."

ನಂಜೇಶ ಒಂದು ಹೆಜ್ಜೆ ಮುಂದೆ ಬಂದ. "ಮನೇಲಿ ಒಪ್ತಾರಾ?"

"ಅಪ್ಪ ಕೂಗಾಡ್ತಾರೆ. ಅಮ್ಮ ಅಳ್ತಾರೆ." ಅವಳ ಕಣ್ಣೂ ತುಂಬಿತ್ತು, ಆದರೂ ನಕ್ಕಳು. "ಭಾನುವಾರ ಬನ್ನಿ."

"ಬಂದು ಏನ್ ಏಳ್ಲಿ ಅವರ್ಗೆ?"

"ನನಗೆ ಈಗ ಹೇಳಿದ್ರಲ್ಲ, ಅದನ್ನೇ."