ಸಾಕ್ಷಿಗೆ ಬಂದ ಕಸ್ತೂರೆಮ್ಮ

"ಉಡಿ ತುಂಬಿಸಿಕೊಳ್ಳಾಕ ಸೆರಗು ಚಾಚ್ತೀ, ಸಹಿ ಮಾಡು ಅಂದ್ರ ಕೈ ಹಿಂದಕ ತಗೋತೀ! ಇದ್ಯಾವ ನ್ಯಾಯನಬೇ ಶಿವಕುಮಾರಿ?"

ಕಸ್ತೂರೆಮ್ಮನ ಆ ಕೂಗಿಗೆ ಸಿಂಧನೂರಿನ ಆ ಮನೆಯ ಪಡಸಾಲೆಯೇ ಬೆಚ್ಚಿಬಿತ್ತು. ನಾಗರ ಪಂಚಮಿ ಮುಗಿದ ಮರುದಿನದ ಬೆಳಗು. ಹಬ್ಬಕ್ಕೆಂದು ಲಿಂಗಸುಗೂರಿನಿಂದ ತವರಿಗೆ ಬಂದಿದ್ದ ಮಗಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಇನ್ನೂ ಹಾಗೆಯೇ ಇದ್ದವು. ಮೈಮೇಲೆ ಅಣ್ಣ ಕೊಡಿಸಿದ ಹೊಸ ಇಳಕಲ್ ಸೀರೆ. ಹಣೆಯ ಕುಂಕುಮ ಆರಿರಲಿಲ್ಲ. ಅಷ್ಟರೊಳಗೇ ತಾಯಿಯ ಬಾಯಿಂದ ಇಂಥ ಮಾತು! ಅಣ್ಣ ವೀರೇಂದ್ರ ಬಾಗಿಲಲ್ಲಿ ನಿಂತು ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. ಅವನ ಗೊಬ್ಬರದ ಅಂಗಡಿ ಚೆನ್ನಾಗಿಯೇ ನಡೆದಿತ್ತು, ಆದರೆ ಈಗ ತಲೆ ತುಂಬ ಕಲ್ಯಾಣ ಮಂಟಪದ ಕನಸು ಹೊಕ್ಕಿತ್ತು. ತೀರಿಹೋದ ತಂದೆ ಅಮರಗುಂಡಪ್ಪ ಸ್ವಂತ ದುಡಿದು ಕೊಂಡಿದ್ದ ಜವಳಗೇರಾ ರಸ್ತೆಯ ನೀರಾವರಿ ಹೊಲದಲ್ಲೇ ಆ ಮಂಟಪ ಏಳಬೇಕು. ಅದಕ್ಕೆ ತಂಗಿ ತನ್ನ ಹಕ್ಕು ಬಿಟ್ಟು ಸಹಿ ಹಾಕಬೇಕು. ಇವತ್ತೇ ಹಾಕಬೇಕು!

"ನಾ ಹಿಸ್ಸಾ ಕೇಳಿಲ್ಲ ಯವ್ವಾ... ಬಿಡ್ತೀನಿ ಅಂತನೂ ಹೇಳಿಲ್ಲ. ಅಪ್ಪ ಕಾಲುವಿ ದಂಡಿ ಮ್ಯಾಲ ನಡೆಯೋ ಮುಂದ 'ಆ ಕೆಳಗಿನ ಮಡಿ ನಿಂದವ್ವ' ಅಂತಿದ್ದ. ಅದು ಕಿವ್ಯಾಗ ಇನ್ನೂ ಐತಿ. ಸ್ವಲ್ಪ ವಿಚಾರ ಮಾಡಾಕ ಬಿಡ್ರಿ..." ಎಂದಳು ಶಿವಕುಮಾರಿ.

"ವಿಚಾರ! ಏನು ವಿಚಾರ? ಊರಾಗ ಯಾವ ಹೆಣ್ಣಮಗಳು ಅಣ್ಣನ ಮುಂದ ಹಿಸ್ಸಾ ಅಂತ ನಿಂತಾಳ? ಕೇಳಿಲ್ಲಿ. ಇವತ್ತು ಸಹಿ ಮಾಡಲಿಲ್ಲಂದ್ರ ಮುಂದಿನ ಪಂಚಮಿಗೆ ಈ ಮನಿಯಿಂದ ನಿನ್ನ ಕರಿಯಾಕ ಯಾರೂ ಬರಂಗಿಲ್ಲ. ತವರು ಬೇಕೋ, ಭೂಮಿ ಬೇಕೋ? ನೀನೇ ಹೇಳಿಬಿಡು!"

ಅಯ್ಯೋ, ಹೆತ್ತ ತಾಯಿ ಹೀಗೂ ಕೇಳಬಹುದೇ! ಹೊಲದ ಆಸೆಯನ್ನು ಶಿವಕುಮಾರಿ ಹೇಗೋ ನುಂಗಿಕೊಂಡಾಳು. ಆದರೆ ತವರಿನ ಬಾಗಿಲು ಮುಚ್ಚಿದರೆ? ವರ್ಷವಿಡೀ ಗಂಡನ ಮನೆಯ ಕೆಲಸದಲ್ಲಿ ಮುಳುಗಿದ್ದರೂ ಅವಳ ಜೀವ ಈ ಬಾಗಿಲ ಕಡೆಗೇ ನೋಡುತ್ತಿತ್ತು. ಅವಳು ಉಡಿಯನ್ನು ಎರಡೂ ಕೈಯಿಂದ ಬಿಗಿಹಿಡಿದು ಬಿಕ್ಕಿಬಿಕ್ಕಿ ಅಳತೊಡಗಿದಳು.

"ಅತ್ತಿ, ಇದು ಸರಿ ಅಲ್ಲ."

ಅಡುಗೆಮನೆಯಿಂದ ಬಂದ ಈ ದನಿ ಸೊಸೆ ಭುವನೇಶ್ವರಿಯದು. ಅವಳು ವಕೀಲೆ. ಕೋರ್ಟಿನ ಎದುರಿನ ಗುರುಬಸವ ವಕೀಲರ ಕಚೇರಿಯಲ್ಲಿ ಕೆಲಸ. ಆ ಕಚೇರಿಗೆ ಬಾರದ ತಂಟೆಯೇ ಇಲ್ಲ ಬಿಡಿ! ಗಂಡನಿಂದ ಜೀವನಾಂಶ ಕೇಳುವ ಮುಕ್ಕುಂದದ ಹೆಣ್ಣುಮಗಳು, ಬಾಡಿಗೆಯವನನ್ನು ಬಿಡಿಸಲಾರದೆ ಒದ್ದಾಡುವ ಮಸ್ಕಿಯ ಮಳಿಗೆಯವನು, ಟ್ರ್ಯಾಕ್ಟರ್ ಅಪಘಾತದಲ್ಲಿ ಕಾಲು ಮುರಿದುಕೊಂಡವನು, ಜಾಮೀನು, ಚೆಕ್ ಬೌನ್ಸ್, ವಿಚ್ಛೇದನ, ಮರಣಪತ್ರ, ಎಲ್ಲವೂ ಅಲ್ಲೇ. "ನಮ್ಮ ಕಚೇರ್ಯಾಗ ಹೆರಿಗಿ ಒಂದು ಬಿಟ್ಟು ಎಲ್ಲಾ ಆಗ್ತಾವ್ರೀ" ಎಂದು ಗುಮಾಸ್ತ ಖಾಜಾಸಾಬ್ ಬಂದವರಿಗೆಲ್ಲ ಹೇಳುತ್ತಿದ್ದ. ಊರವರ ಮನೆಗಳನ್ನು ನೇರ ಮಾಡುವ ಅಂಥ ಕಚೇರಿಯ ವಕೀಲೆಗೆ ತನ್ನ ಮನೆಯಲ್ಲಿ ಮಾತ್ರ ಬಾಯಿ ತೆರೆಯಲು ಅಪ್ಪಣೆ ಇರಲಿಲ್ಲ.

"ನೀ ಸುಮ್ಮನಿರು!" ಎಂದ ವೀರೇಂದ್ರ. "ಗಂಡನ ಕೆಲಸಕ್ಕ ಅಡ್ಡಗಾಲು ಹಾಕೋ ವಕೀಲಕಿ ನನಗ ಬ್ಯಾಡ."

ಕಸ್ತೂರೆಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದೇ ನಿಂತಳು. "ಹೌದಬೇ, ನೀ ತವರು ಮಸ್ಕ್ಯಾಗ ನಿನ್ನ ಅಣ್ಣಗ ಸಹಿ ಮಾಡಿ ಕೊಟ್ಟು ಬಂದೀ. ಅಲ್ಲಿ ನಿನ್ನ ಕಾಯ್ದೆ ಎಲ್ಲಿ ಹೋಗಿತ್ತು? ನನ್ನ ಮಗಳಿಗೆ ಈಗ ಪಾಠ ಹೇಳಾಕ ಬಂದಾಳ!"

ಆ ಏಟು ಸರಿಯಾಗಿ ಎದೆಗೇ ತಾಗಿತು. ಭುವನೇಶ್ವರಿಯ ಮುಖ ಬಿಳಿಚಿತು. ಆದರೂ ಅವಳು ಅತ್ತೆಯನ್ನು ಬಿಟ್ಟು ನಾದಿನಿಯ ಎದುರು ಹೋಗಿ ಕುಳಿತಳು.

"ಮಾಡೀನಿ ಶಿವಕುಮಾರಿ. ಕಾಯ್ದೆ ಓದಿದಾಕಿನೇ ಸಹಿ ಮಾಡೀನಿ, ತವರು ಉಳೀಲಿ ಅಂತ. ಆ ವರ್ಷ ಪಂಚಮಿಗೆ ಅಣ್ಣ ಕಾರು ತಗೊಂಡು ಕರಿಯಾಕ ಬಂದ, ಸೀರಿ ತಂದ. ಮರುವರ್ಷ ಬರೀ ಫೋನ್ ಬಂತು. ಈ ಸಲ ಫೋನೂ ಇಲ್ಲ... ನಿನ್ನೆ ನಿನಗ ಜೋಕಾಲಿ ಕಟ್ಟಿ ಕೊಡೋ ಮುಂದ ನಾ ಎಷ್ಟು ಸಲ ಬಾಗಲ ಕಡೆ ನೋಡೀನೋ ನನಗೇ ಗೊತ್ತು. ಸಹಿ ಮಾಡಿದ್ರ ತವರು ಉಳಿತೈತಿ ಅಂತ ನಂಬಬ್ಯಾಡ ತಾಯಿ. ನನಗ ಉಳೀಲಿಲ್ಲ!"

ಭುವನೇಶ್ವರಿ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಇನ್ನೊಂದು ಮಾತು ಐತಿ ಅತ್ತಿ. ಆ ಹೊಲದಾಗ ನಿಮ್ಮದೂ..."

"ಸಾಕು! ನನಗ ಕಾಯ್ದೆ ಕಲಿಸಬ್ಯಾಡ!" ಕಸ್ತೂರೆಮ್ಮ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. "ನಡೀರಿ ಎಲ್ಲಾರೂ. ನಿನ್ನ ಸಾಹೇಬರ ಕಚೇರ್ಯಾಗನ ಆಗಲಿ. ನಾ ಸಾಕ್ಷಿಗೆ ಬರ್ತೀನಿ. ವೀರೂನೂ ಹೇಳ್ಯಾನ, ಸಾಕ್ಷಿಗೆ ನಂದೂ ಒಂದು ಸಹಿ ಬೇಕಂತ!"

ಗಂಡ ತೀರಿಕೊಂಡ ಮೇಲೆ ಯಾವುದಕ್ಕೂ ಯಾರೂ ಅವಳನ್ನು ಕರೆದಿರಲಿಲ್ಲ ನೋಡಿ, ಸಾಕ್ಷಿ ಎಂದೊಡನೆ ಅವಳಿಗೆ ದೊಡ್ಡ ಮರ್ಯಾದೆಯೇ ಸಿಕ್ಕಂತಾಗಿತ್ತು! ರೇಷ್ಮೆ ಸೀರೆ ಉಟ್ಟಳು, ವಿಭೂತಿ ಹಚ್ಚಿದಳು, ಕಾರಿನ ಮುಂದಿನ ಸೀಟಿನಲ್ಲೇ ಕುಳಿತಳು. ಹಿಂದಿನ ಸೀಟಿನಲ್ಲಿ ಶಿವಕುಮಾರಿ, ಕಚೇರಿಗೆಂದು ಕರಿಕೋಟು ಹಾಕಿಕೊಂಡ ಅತ್ತಿಗೆಯ ಕೈ ಹಿಡಿದು ಕುಳಿತಿದ್ದಳು.

ಗುರುಬಸವ ವಕೀಲರದು ಕೋರ್ಟಿನ ಹೊರಗೂ ಕೇಳುವಂಥ ದನಿ. ವೀರೇಂದ್ರ ಹೇಳಿದ್ದನ್ನೆಲ್ಲ ಕೇಳಿಕೊಂಡು, ಅವನು ಬರೆಸಿ ತಂದಿದ್ದ ಪತ್ರವನ್ನು ಪೂರ್ತಿ ಓದಿ ಮೇಜಿನ ಮೇಲಿಟ್ಟರು. ಮೊದಲು ತಮ್ಮ ಜೂನಿಯರ್ ಕಡೆ ಬೆರಳು ತೋರಿಸಿದರು. "ಭುವನಾ, ಇದು ನಿನ್ನ ಮನಿ ಕೆಲಸ. ನೀ ಇದರಾಗ ಕೈಯೂ ಹಾಕಂಗಿಲ್ಲ, ಬಾಯಿನೂ ಹಾಕಂಗಿಲ್ಲ. ಕಿಟಕಿ ಕಡೆ ನಿಂದರು." ಆಮೇಲೆ ವೀರೇಂದ್ರನ ಕಡೆ ತಿರುಗಿದರು. "ನೀ ಹೊರಗ ನಡಿ."

"ನಾನ್ಯಾಕ್ರೀ ಸರ್ ಹೊರಗ? ಪತ್ರ ನಂದು!"

"ತಗೊಳ್ಳೋವ ಹೊರಗ, ಬಿಡೋರು ಒಳಗ. ಬಿಡೋರಿಗೆ ಓದಿ ಹೇಳಿದ ಮ್ಯಾಲೇನ ಸಹಿ. ಇದು ನಮ್ಮ ಕಚೇರಿ ರಿವಾಜು. ಮನಸ್ಸಿಗೆ ಬರಲಿಲ್ಲಂದ್ರ ಬ್ಯಾರೆ ಕಚೇರಿಗೆ ಹೋಗಪ್ಪ, ನನಗೇನು ಬ್ಯಾಸರಿಲ್ಲ."

ವೀರೇಂದ್ರ ತಾಯಿಯ ಮುಖ ನೋಡಿದ. ಬಾಗಿಲು ಎಳೆದುಕೊಂಡು ಹೊರಗೆ ಹೋದ.

"ಹೂಂ, ಬಿಡೋರು ಇಬ್ಬರೂ ಮುಂದ ಬಂದು ಕುಂದರ್ರಿ" ಎಂದರು ಗುರುಬಸವ.

ಕಸ್ತೂರೆಮ್ಮ ನಕ್ಕಳು. "ಇಬ್ಬರೆಲ್ಲಿ ಅದಾರ ಸಾಹೇಬ್ರ? ಬಿಡಾಕಿ ಇಕಿ ಒಬ್ಬಾಕಿ. ನಾ ಸಾಕ್ಷಿ."

"ಸಾಕ್ಷಿಗೆ ಖಾಜಾಸಾಬ್ ಅದಾನ. ನೀವು ಬಿಡೋರು ತಾಯಿ."

"ನಾ? ನಾ ಏನು ಬಿಡಬೇಕು?"

"ನಿಮ್ಮ ಹಿಸ್ಸಾ."

"ನನಗೆಲ್ಲಿ ಹಿಸ್ಸಾ!" ಅವಳ ನಗು ಇನ್ನೂ ತುಟಿಯ ಮೇಲೇ ಇತ್ತು. "ಗಂಡ ಹೋದಾಕಿ ನಾನು. ಮಗನ ಮನ್ಯಾಗ ಎರಡು ರೊಟ್ಟಿ ತಿಂದು ಬಿದ್ದೀನಿ. ನನಗೆಲ್ಲಿಂದ ಬಂತು ಹಿಸ್ಸಾ?"

"ನಿಮ್ಮ ಯಜಮಾನ್ರು ಸ್ವಂತ ದುಡಿದು ಕೊಂಡ ಭೂಮಿ. ಮರಣಪತ್ರ ಬರೀಲಿಲ್ಲ. ಹೆಂಡ್ತಿ, ಮಗ, ಮಗಳು, ಮೂವರಿಗೂ ಸರಿಸಮ. ಮೂರರಾಗ ಒಂದು ನಿಮ್ಮದು. ಇದಕ್ಕ ಸಹಿ ಹಾಕಿದ್ರ ಮಗಳದೂ ಹೋತು, ನಿಮ್ಮದೂ ಹೋತು. ನಾಳೆ ಆ ಹೊಲದಾಗ ಒಂದು ತೆನಿ ಮುರಿಬೇಕಂದ್ರೂ ಮಗನ್ನ ಕೇಳಿ ಮುರಿಬೇಕು."

ಕಸ್ತೂರೆಮ್ಮನ ನಗು ಮಾಯವಾಯಿತು. ಗಂಡ ಹೋದಾಗಿನಿಂದ ಅವಳು ಕೇಳದೆ ಏನು ಮಾಡಿದ್ದಳು? ಸಂತೆಕಲ್ಲೂರಿನಲ್ಲಿ ಹಾಸಿಗೆ ಹಿಡಿದ ಅಕ್ಕನನ್ನು ನೋಡಿ ಬರಲೂ "ಯಪ್ಪಾ, ಹೋಗಿ ಬರಲೇನು?" ಎಂದು ಮಗನ ಮುಂದೆ ಕೈಕಟ್ಟಿ ನಿಂತಿದ್ದಳು. ತನ್ನದು ಎಂಬುದು ಒಂದು ಇತ್ತು! ಅದು ಇಷ್ಟು ದಿನವೂ ಇತ್ತು! ತನಗೆ ಮಾತ್ರ ಗೊತ್ತಿರಲಿಲ್ಲ...

"ವೀರೂ!"

ಆ ಕೂಗಿಗೆ ಹೊರಗೆ ಚಹಾ ಕುಡಿಯುತ್ತಿದ್ದ ಕಕ್ಷಿದಾರರೂ ಎದ್ದು ನಿಂತರು. ವೀರೇಂದ್ರ ಒಳಗೆ ಬಂದ.

"ನೀ ನನಗ ಸಾಕ್ಷಿ ಅಂತ ಹೇಳಿ ಕರಕೊಂಡು ಬಂದಿ."

"ಅವ್ವಾ, ನಿಂದೇನು, ನಂದೇನು? ಎಲ್ಲಾ ಒಂದೇ ಅಲ್ಲೇನು?"

"ಒಂದೇ ಆಗಿದ್ರ ನನ್ನ ಸಹಿ ಯಾತಕ ಬೇಕಾತಲೇ?"

ಕಸ್ತೂರೆಮ್ಮನ ಕಣ್ಣಿಂದ ದಳದಳನೆ ನೀರು ಇಳಿಯಿತು. "ಕೇಳಿದ್ರ ಕೊಡ್ತಿದ್ನೆಲ್ಲೋ! ಮಗ ಕೇಳಿದ್ರ ಇಲ್ಲ ಅಂತಿದ್ನೇನು? ಕೇಳದನ ತಗೊಳ್ಳಾಕ ನೋಡಿದಿ... ನೀ ನನಗ ಹೆಂಗ ಮಾಡಿದಿ, ನಾನೂ ನನ್ನ ಮಗಳಿಗೆ ಹಂಗೇ ಮಾಡೀನಿ. ಅಕಿ ಅಳಾಕತ್ತಿದ್ರೂ ಮಾಡೀನಿ. ಶಿವನೇ!"

ಶಿವಕುಮಾರಿಗೆ ಇದನ್ನು ನೋಡಲಾಗಲಿಲ್ಲ. ಓಡಿ ಬಂದವಳೇ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. "ಬ್ಯಾಡ ಯವ್ವಾ, ನನ್ನ ಸಲವಾಗಿ ನೀವಿಬ್ಬರೂ ಜಗಳ ಆಡಬ್ಯಾಡ್ರಿ. ಸಾಹೇಬ್ರ, ಎಲ್ಲಿ ಸಹಿ ಮಾಡ್ಲಿ ತೋರಸ್ರಿ. ನನಗ ಯಾವ ಮಡಿನೂ ಬ್ಯಾಡ, ನನ್ನ ಅವ್ವ ಅಳಬಾರದು..."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಕಸ್ತೂರೆಮ್ಮ ಅದನ್ನು ಮಗಳ ಕೈಯಿಂದ ಕಿತ್ತುಕೊಂಡಳು! ಕಿಟಕಿಯ ಬಳಿ ಭುವನೇಶ್ವರಿ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬಾಯಿ ಹಾಕಬೇಡ ಎಂದಿದ್ದರಲ್ಲ, ತುಟಿ ಕಚ್ಚಿ ಹಿಡಿದಿದ್ದಳು.

"ಸಾಹೇಬ್ರ, ನನ್ನ ಹಿಸ್ಸಾ ನನಗ ಬೇಕು. ಅಕಿದು ಅಕಿಗೆ ಬೇಕು. ಮೂರು ಭಾಗ ಮಾಡಿ ವಾಟ್ನಿ ಪತ್ರ ಬರೀರಿ!" ಎಂದಳು ಕಸ್ತೂರೆಮ್ಮ.

"ತಾಯಿ, ಸಿಟ್ಟಿನ್ಯಾಗ ಹೇಳಬ್ಯಾಡ್ರಿ. ತಗೊಂಡು ಏನು ಮಾಡ್ತೀರಿ?" ಗುರುಬಸವರ ದೊಡ್ಡ ದನಿಯೂ ಮೆತ್ತಗಾಗಿತ್ತು.

"ಮನಿ ಕಟ್ಟತೀನಿ. ಎರಡು ಖೋಲಿ ಸಾಕು."

"ಯವ್ವಾ, ನಮ್ಮ ಮನ್ಯಾಗ ನಿನಗೇನು ಕಮ್ಮಿ ಆಗೇತಿ?" ವೀರೇಂದ್ರನ ದನಿ ಒಡೆಯಿತು. "ತಪ್ಪಾತು. ಮಂಟಪದ ಹುಚ್ಚಿನ್ಯಾಗ ಮಾಡೀನಿ. ನೀ ಮನಿ ಬಿಟ್ಟು ಹೋಗಬ್ಯಾಡ."

"ನಾ ನಿನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲೋ ಹುಚ್ಚಪ್ಪ. ನಿನ್ನ ಮಂಟಪ ನಿನ್ನ ಹಿಸ್ಸಾದಾಗ ಏಳಲಿ, ನಾನೇ ಬಂದು ಮೊದಲ ಕಲ್ಲು ಇಡ್ತೀನಿ. ಆದ್ರ ನಿನ್ನ ಮನಿ ಬಾಗಲ ನಿನ್ನ ಕೈಯಾಗ ಐತಿ. ಇವತ್ತು ನಾನೇ ಆ ಬಾಗಲ ತೋರಿಸಿ ಇಕಿನ್ನ ಅಂಜಿಸೀನಿ. ನನ್ನ ಹಿಸ್ಸಾದಾಗಿನ ಮನಿಗೆ ನನ್ನ ಮಗಳು ಪಂಚಮಿಗೂ ಬರ್ತಾಳ, ಪಂಚಮಿ ಇಲ್ದಾಗೂ ಬರ್ತಾಳ. ಯಾರೂ ಕರಿಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ."

ವೀರೇಂದ್ರ ತಾನು ತಂದಿದ್ದ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ವಕೀಲರ ಕಡೆ ನೋಡದೆಯೇ ಹೇಳಿದ. "ವಾಟ್ನಿ ಪತ್ರನೇ ಬರೀರಿ ಸರ್. ಯಾವ ಕಡೆ ಬೇಕೋ ತಂಗಿನೇ ಮೊದಲು ಹೇಳಲಿ. ಉಳಿದದ್ದು ನಾ ತಗೋತೀನಿ." ಶಿವಕುಮಾರಿ "ಅಣ್ಣಾ!" ಎಂದವಳೇ ಅವನ ತೋಳಿಗೆ ಮುಖ ಒತ್ತಿ ಗಳಗಳನೆ ಅತ್ತುಬಿಟ್ಟಳು. ಖಾಜಾಸಾಬ್ ಟೈಪು ಮಾಡಲು ಕುಳಿತ, ಆದರೆ ಕಣ್ಣು ಮಂಜಾಗಿ ಮೊದಲ ಸಾಲನ್ನೇ ಎರಡು ಸಲ ಅಳಿಸಬೇಕಾಯಿತು.

ಕಸ್ತೂರೆಮ್ಮ ಎದ್ದು ಕಿಟಕಿಯ ಬಳಿ ಹೋದಳು. ಸೊಸೆಯ ಎದುರು ನಿಂತಳು.

"ಮುಂಜಾನೆ ನೀ ಇದನ್ನೇ ಹೇಳಾಕ ಬಂದಿದ್ದೇನಬೇ?"

"ಹೂಂ ಅತ್ತಿ."

"ಬೈದು ಬಾಯಿ ಮುಚ್ಚಿಸಿದೆ... ಮಸ್ಕಿಯಿಂದ ಯಾರೂ ಬರಲಿಲ್ಲ ಅಂದೆಲ್ಲ, ಅದನ್ನೂ ಕೇಳಿಸಿಕೊಂಡು ಬೈದೆ." ಅವಳು ಸೊಸೆಯ ಗಲ್ಲವನ್ನು ಒರಟು ಕೈಯಿಂದ ಎತ್ತಿದಳು. "ಇಲ್ಲಿ ಕೇಳು. ಆ ಎರಡು ಖೋಲಿಯೊಳಗ ಒಂದು ನಿಂದು. ನೀನೂ ಪಂಚಮಿಗೆ ಅಲ್ಲಿಗೇ ಬರಬೇಕು. ಸೊಸಿ ಆಗಿ ಅಲ್ಲ, ತವರಿಗೆ ಬಂದಂಗ ಬರಬೇಕು. ನಾನೇ ಬಂದು ಕರಕೊಂಡು ಹೋಗ್ತೀನಿ."

ಎಷ್ಟೋ ಹೆಣ್ಣುಮಕ್ಕಳ ಕಣ್ಣೀರಿನ ಕೇಸು ನಡೆಸಿದ ವಕೀಲೆ, ಜಡ್ಜ್ ಗದರಿದಾಗಲೂ ದನಿ ತಗ್ಗಿಸದ ಭುವನೇಶ್ವರಿ, ಅತ್ತೆಯ ಕೊರಳಿಗೆ ಬಿದ್ದು ಮಗುವಿನಂತೆ ಅತ್ತಳು. ಬಾಯಿಂದ ಅತ್ತಿ ಎಂಬ ಮಾತು ಬರಲೇ ಇಲ್ಲ.

"ಯವ್ವಾ...! ಯವ್ವಾ...!"

"ಸಾಕು ಸುಮ್ಮನಾಗಬೇ" ಎಂದು ಕಸ್ತೂರೆಮ್ಮ ಅಳುತ್ತಲೇ ಗದರಿದಳು. "ಕರಿಕೋಟು ಹಾಕ್ಕೊಂಡು ಹಿಂಗ ಅಳ್ತಾರೇನು? ಹೊರಗ ಜನ ಕುಂತಾರ, ನೀನ ಕೇಸು ಸೋತೀ ಅಂತ ತಿಳ್ಕೋತಾರ!"