ಏಳನೆಯ ಸಾಲಿನ ಬಿಳಿ ಗೆರೆ

ಸ್ಟೋರಮ್ಮ ಬಿಡಿಸಿದ ಒಗಟುಗಳನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದವನು ನಾನು. ಇದೊಂದನ್ನು ಮಾತ್ರ ಇಷ್ಟು ದಿನ ನುಂಗಿಕೊಂಡಿದ್ದೆ. ಈಗ ಬರೆಯಲು ಕೂತರೂ ನಾಚಿಕೆಯಿಂದ ಕೈ ಮುಂದಕ್ಕೆ ಹೋಗುವುದಿಲ್ಲ.

ನಮ್ಮದು ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯ. ನಾನು ಅಲ್ಲಿ ಮೂವತ್ತು ವರ್ಷದಿಂದ ಟೆಕ್ನಿಷಿಯನ್. ಸಾಮಾನಿನ ಕೋಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವಳು ಸ್ಟೋರಮ್ಮ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಮಸೂರ ಕಳೆದುಹೋಗಲಿ, ಸ್ಪಿರಿಟ್ ಕಳುವಾಗಲಿ, ಅಕ್ಕನ ಕಿವಿಗೆ ಬಿದ್ದರೆ ಸಂಜೆಯೊಳಗೆ ಆಸಾಮಿ ಸಿಕ್ಕಿಬೀಳುತ್ತಿದ್ದ.

ಆ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಕೈಗವಸಿನ ಡಬ್ಬಗಳನ್ನು ಜೋಡಿಸುತ್ತಿದ್ದಾಗ ನಮ್ಮ ಸಂಶೋಧಕಿ ಅಳುತ್ತಾ ಬಂದಳು. ಎಲ್ಲರೂ ಅವಳನ್ನು 'ಕತ್ತರಿ' ಎನ್ನುತ್ತಿದ್ದೆವು. ಜೀವಕೋಶಗಳನ್ನು ಅವುಗಳ ಜಾಗದಲ್ಲೇ ಹಿಡಿದಿಡಲು ಸುತ್ತ ಒಂದು ಬಲೆ ಇರುತ್ತದೆ. ಕ್ಯಾನ್ಸರ್ ಕೋಶ ಒಂದು ಬಗೆಯ ಕಿಣ್ವ ಸೂಸಿ ಆ ಬಲೆಯನ್ನು ಕತ್ತರಿಸಿ ಬೇರೆಡೆಗೆ ನುಸುಳುತ್ತದೆ. ಮೂರು ವರ್ಷದಿಂದ ಅವಳು ಅದೇ ಕಿಣ್ವದ ಬೆನ್ನು ಹತ್ತಿದ್ದಳು.

"ಅಕ್ಕಾ, ನನ್ನನ್ನ ತೆಗೆದುಹಾಕ್ತಾರಂತೆ. ಮೂರು ಗಂಟೆಗೆ ಮೀಟಿಂಗು. ಮೂರು ವರ್ಷದ ಚಿತ್ರಗಳೆಲ್ಲ ಸುಳ್ಳು ಅಂತಿದಾರೆ!"

ನಾನು ನೀರು ತಂದುಕೊಟ್ಟೆ. ಅವಳು ಬಿಕ್ಕುತ್ತಲೇ ನಡೆದದ್ದನ್ನು ಹೇಳಿದಳು. ಹೊರಗಿನ ಪರೀಕ್ಷಕರೊಬ್ಬರಿಗೆ, ಕಿಣ್ವ ಇದೆಯೆಂದು ತೋರಿಸುವ ಅವಳ ಚಿತ್ರಗಳ ಮೇಲೆ ಅನುಮಾನ ಬಂದು, ಡೈರೆಕ್ಟರು ತಮ್ಮ ಕಣ್ಣೆದುರೇ ಪರೀಕ್ಷೆ ಮಾಡಲು ಹೇಳಿದ್ದರು. ಜೆಲಟಿನ್ ಬೆರೆಸಿದ ತೆಳು ಜೆಲ್ಲಿನ ಸಾಲುಗಳಲ್ಲಿ ಕ್ಯಾನ್ಸರ್ ಕೋಶದ ಸ್ಯಾಂಪಲ್ಲನ್ನು ಕರೆಂಟಿನಿಂದ ಓಡಿಸಿ, ತೊಳೆದು, ಲೋಹದ ಲವಣ ಬೆರೆಸಿದ ಬೆಚ್ಚನೆ ನೀರಿನಲ್ಲಿ ನೆನೆಸಿಟ್ಟು, ಮರುದಿನ ನೀಲಿ ಬಣ್ಣ ಹಾಕಬೇಕು. ಕಿಣ್ವ ಜೆಲಟಿನ್ ತಿಂದ ಕಡೆ ನೀಲಿ ಹತ್ತದೆ ಬಿಳಿ ಗೆರೆ ಮೂಡುತ್ತದೆ. ಅವಳ ಆರೂ ಸಾಲು ಪೂರ್ತಿ ನೀಲಿಯಾಗಿದ್ದವು.

"ಆರೇ ಸಾಲಾ?" ಅಕ್ಕ ಕೇಳಿದಳು.

"ಏಳನೇದು ಹೋಲಿಸಿ ನೋಡೋಕೆ ಹಾಕಿದ್ದು, ಕೊಂಡು ತಂದ ಕಿಣ್ವ. ಅದಕ್ಕೆ ಮಾತ್ರ ಗೆರೆ ಬಂದಿದೆ."

ಪ್ರಯೋಗಾಲಯಕ್ಕೆ ಹೋಗಿ ಜೆಲ್ ನೋಡಿದವನು ನಾನು ಮತ್ತೆ ಅದರತ್ತ ತಿರುಗಲಿಲ್ಲ. ಅಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಪಕ್ಕದ ಮೇಜಿನ ಸಂಶೋಧಕ 'ಮೀಸೆ'ಗೂ ಕತ್ತರಿಗೂ ಮಾತಿರಲಿಲ್ಲ. ಆ ಕಿಣ್ವ ಕೆಲಸ ಮಾಡಲು ಚೂರು ಲೋಹ ಬೇಕು; ಆ ಲೋಹವನ್ನು ಕಸಿದುಕೊಂಡು ಕಿಣ್ವದ ಸದ್ದಡಗಿಸುವ ಉಪ್ಪೊಂದರ ಬಾಟಲಿಯನ್ನು ಅವನು ಹಿಂದಿನ ದಿನವಷ್ಟೇ ಸ್ಟೋರಿನಿಂದ ಒಯ್ದಿದ್ದ.

"ನನ್ನ ಮೇಲೇನು ಕಣ್ಣು? ನಾನು ಅವಳ ಮೇಜಿನ ಹತ್ರಾನೂ ಸುಳಿದಿಲ್ಲ," ಎಂದು ಮೀಸೆ ಸಿಡುಕಿದ.

ಅಕ್ಕ ಅವನ ಮೇಜಿನ ಮೇಲಿದ್ದ ಬಾಟಲಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. "ಕತ್ತರಿಯ ಸ್ಯಾಂಪಲ್ ಟ್ಯೂಬ್ ಯಾರು ಮುಟ್ಟಿದ್ರು?"

"ನಿನ್ನೆ ಬೆಳಿಗ್ಗೆ ಫ್ರೀಜರಿನಿಂದ ತೆಗೆದು ಐಸ್ ಮೇಲೆ ನಾನೇ ಇಟ್ಟಿದ್ದೆ," ಎಂದೆ.

ಅವಳು ಕಸದ ಡಬ್ಬಿಯಿಂದ ಆರು ಪುಟ್ಟ ಟ್ಯೂಬುಗಳನ್ನು ಆರಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿತ್ತು. ಮೇಲೆ ಬರೆದಿದ್ದ ಅಂಕಿಗಳ ಶಾಯಿ ಹರಡಿಕೊಂಡಿತ್ತು. ಅಕ್ಕ ಅವನ್ನು ಜೇಬಿಗೆ ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಮೂರು ಗಂಟೆಗೆ ಡೈರೆಕ್ಟರ ಕೋಣೆಯಲ್ಲಿ ಕತ್ತರಿ, ಮೀಸೆ, ನಾನು ಕೂತಿದ್ದೆವು. ಕರೆಯದಿದ್ದರೂ ಅಕ್ಕ ಬಂದಳು.

"ಸ್ಟೋರಮ್ಮಾ, ಇದು ವಿಜ್ಞಾನದ ವಿಷಯ," ಎಂದರು ಡೈರೆಕ್ಟರು.

"ವಿಜ್ಞಾನ ನಿಮ್ದು ಸಾರ್, ಮುಚ್ಚಳ ನನ್ದು. ಐದೇ ನಿಮಿಷ ಕೊಡಿ." ಅಕ್ಕ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಏಳನೇ ಸಾಲಲ್ಲಿ ಗೆರೆ ಬಂತು. ಅಂದ್ರೆ ಜೆಲ್ಲೂ ಸರಿ, ಅದನ್ನ ನೆನೆಸಿಟ್ಟ ನೀರೂ ಸರಿ. ಕೆಟ್ಟಿದ್ದು ಈ ಆರರ ಒಳಗಿದ್ದಿದ್ದು ಮಾತ್ರ."

"ಯಾರಾದ್ರೂ ಉಪ್ಪು ಬೆರೆಸಿದ್ರೆ?" ಡೈರೆಕ್ಟರು ಕೇಳಿದರು.

"ಮೀಸೆಯ ಬಾಟ್ಲಿ ಸೀಲೇ ಒಡೆದಿಲ್ಲ. ಬೆರೆಸಿದ್ರೂ ತೊಳೆಯೋವಾಗ ಉಪ್ಪು ಹೋಗ್ತಿತ್ತು, ನೆನೆಸಿದ ನೀರಿನಿಂದ ಲೋಹ ವಾಪಸ್ ಸಿಕ್ಕಿ ಕಿಣ್ವ ಎದ್ದು ಕೂರ್ತಿತ್ತು."

"ಹಾಗಾದ್ರೆ ಕಿಣ್ವ ಮೊದಲಿಂದಲೂ ಇರ್ಲಿಲ್ಲ. ನಾನೂ ಅದನ್ನೇ ಹೇಳ್ತಿರೋದು."

"ಇತ್ತು ಸಾರ್. ಬೇಯಿಸಿ ಕೊಂದಿದಾರೆ." ಅವಳು ಒಂದು ಮುಚ್ಚಳವನ್ನು ಅವರ ಕೈಗಿತ್ತಳು. "ಬೇರೆ ಪ್ರೋಟೀನ್ ಪರೀಕ್ಷೆಗಳಿಗೆ ಸ್ಯಾಂಪಲ್ ಐದು ನಿಮಿಷ ಕುದಿಸ್ತಾರೆ. ಆವಿಗೆ ಮುಚ್ಚಳ ಹಾರದಿರಲಿ ಅಂತ ಹಳಬರು ಸೂಜಿಯಲ್ಲಿ ಚುಚ್ತಿದ್ರು. ಆ ಆವಿಗೇ ಈ ಶಾಯಿ ಹರಡಿರೋದು. ಈ ಪರೀಕ್ಷೆಗೆ ಮಾತ್ರ ಕುದಿಸಬಾರದು. ಇದು ಕತ್ತರಿಗೂ ಗೊತ್ತು, ಮೀಸೆಗೂ ಗೊತ್ತು. ಹೊಸಬರಿಗೆ ಮುಚ್ಚಳ ಒತ್ತಿ ಹಿಡಿಯೋ ಕ್ಲಿಪ್ ಇದೆ, ಸೂಜಿ ಬೇಕಿಲ್ಲ. ಇಲ್ಲಿ ಇನ್ನೂ ಚುಚ್ಚೋರು ಒಬ್ಬರೇ. ಕೆಟ್ಟದ್ದು ಬಯಸಿ ಮಾಡಿಲ್ಲ ಅಂತ ಬಲ್ಲೆ. ಯಾರು ಅಂತ ನಾನು ಹೇಳಲ್ಲ, ಅವರೇ ಹೇಳಲಿ."

ಥೂ, ಆಗಲೂ ನನ್ನ ನಾಲಿಗೆ ಏಳಲಿಲ್ಲ! ಡೈರೆಕ್ಟರು ಮೀಸೆಯನ್ನು ದಿಟ್ಟಿಸಿದರು. ಅವನು ಕಂಗಾಲಾಗಿ ತಲೆಯಾಡಿಸಿದ. ಆಮೇಲೆ ನಾನು ಎದ್ದು ನಿಂತೆ.

"ನಾನೇ ಸಾರ್."

ಎಲ್ಲವನ್ನೂ ಒದರಿಬಿಟ್ಟೆ. ಪರೀಕ್ಷೆಯ ಮಾತು ಬಂದಾಗಿನಿಂದ ಕತ್ತರಿ ಹೆದರಿಕೊಂಡೇ ಇದ್ದಳು. ಪಾಪ, ಒಂದು ಕೆಲಸವಾದರೂ ಹಗುರವಾಗಲಿ ಎಂದು, ಸದಾ ಅವಳೇ ಮಾಡಿಕೊಳ್ಳುತ್ತಿದ್ದ ತಯಾರಿಯನ್ನು ನಿನ್ನೆ ಬೆಳಿಗ್ಗೆ ಅವಳು ಬರುವ ಮೊದಲೇ ನಾನು ಮುಗಿಸಿದ್ದೆ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ ತಾನಾಗಿ ಚುಚ್ಚಿ, ಕುದಿಸಿ, ಐಸ್ ಮೇಲೆ ಇಟ್ಟಿತ್ತು. ಅಲ್ಲಿಯವರೆಗಿನದು ತಪ್ಪು, ಅಷ್ಟೇ. ನೀಲಿ ಜೆಲ್ ಕಂಡ ಕ್ಷಣವೇ ನನಗೆ ಗೊತ್ತಾಗಿತ್ತು. ಅಲ್ಲಿಂದ ಮುಂದಿನದು ಹೇಡಿತನ.

"ಬೆಳಿಗ್ಗೆನೇ ಯಾಕ್ರೀ ಹೇಳ್ಲಿಲ್ಲ?" ಡೈರೆಕ್ಟರು ಗದರಿದರು.

"ಇಷ್ಟು ವರ್ಷದ ಮರ್ಯಾದೆ ಹೋಗುತ್ತಲ್ಲ ಅಂತ..."

ಕತ್ತರಿ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನದು ಹೋದ್ರೆ ಪರವಾಗಿರ್ಲಿಲ್ವಾ ಮಾಮ?"

ಉಳಿದಿದ್ದ ಸ್ಯಾಂಪಲ್ಲಿನಿಂದ ಮತ್ತೆ ಪರೀಕ್ಷೆ ಮಾಡಿದರು, ಆರೂ ಸಾಲಿನಲ್ಲಿ ಗೆರೆ ಮೂಡಿತು. ಮರುವರ್ಷ ಅವಳ ಪ್ರಬಂಧದ ಒಂದು ಪ್ರತಿ ನನ್ನ ಮೇಜಿಗೂ ಬಂತು. ಮೊದಲ ಪುಟದಲ್ಲಿ ನೆರವಾದವರಿಗೆಲ್ಲ ಕೃತಜ್ಞತೆ ಹೇಳಿದ್ದಳು. ಅಕ್ಕನ ಹೆಸರಿನ ಕೆಳಗೇ ನನ್ನ ಹೆಸರೂ ಇತ್ತು. ಅಲ್ಲಿಂದಾಚೆಗೆ ಒಂದು ಪುಟವನ್ನೂ ತಿರುವಿ ಹಾಕಲು ನನ್ನಿಂದ ಆಗಿಲ್ಲ.