ನೆಲಸಮವಾದ ದಿಬ್ಬದ ಮೇಲೊಂದು ಭಾಷಣ

“ಕೀಳ್ರೋ ಆ ಕಡ್ಡಿಗಳನ್ನ! ಪಂಚಾಯ್ತಿ ಅಧ್ಯಕ್ಷರು ಎಲ್ಲಿ ನಿಂತು ಮಾತಾಡ್ಬೇಕು, ನಿಮ್ಮ ತಲೆ ಮೇಲಾ?” ಡ್ರಿಲ್ ಮೇಷ್ಟ್ರು ಸೀಟಿ ಊದಿದರು.

ಪುಟಾಣಿ ಗಕ್ಕನೆ ನಿಂತಳು. ಹೋದ ವರ್ಷದ ಬಿರುಗಾಳಿಗೆ ಮರಳದಿಬ್ಬ ಕುಸಿದದ್ದು ಇಲ್ಲೇ. ಆ ಕಂಡಿಯಿಂದಲೇ ಸಮುದ್ರ ನುಗ್ಗಿ ಅವಳ ಮನೆಯ ಒಲೆ ಆರಿಸಿ ಹೋಗಿತ್ತು.

ಆಮೇಲೆ ಅವಳ ಕ್ಲಾಸಿನವರೆಲ್ಲ ಒಣಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟು ಬೇಲಿ ಕಟ್ಟಿದ್ದರು. ಗಾಳಿ ಹೊತ್ತು ತಂದ ಮರಳು ಬೇಲಿಯ ಮರೆಯಲ್ಲಿ ಕೂತು ಕೂತು ಈಗ ಮೊಣಕಾಲೆತ್ತರ ಬೆಳೆದಿತ್ತು.

“ಸಾರ್, ಅವರು ನೋಡೋಕೆ ಬರ್ತಿರೋದು ಇದೇ ದಿಬ್ಬಾನ ಅಲ್ವಾ?”

“ಬ್ಯಾನರಲ್ಲಿ ದೊಡ್ಡ ಫೋಟೋ ಹಾಕ್ಸಿದೀವಲ್ಲಮ್ಮ! ಅದನ್ನ ನೋಡ್ತಾರೆ. ನೀನು ಹೋಗಿ ಭಾಷಣ ಬಾಯಿಪಾಠ ಮಾಡ್ಕೋ.”

ಚೆನ್ನಾಗಿ ಭಾಷಣ ಮಾಡಿದವರಿಗೆ ಕಪ್ ಇತ್ತು. ಪುಟಾಣಿ ಬಾಯಿ ಮುಚ್ಚಿಕೊಂಡು ಹೋದಳು. ಬೇಲಿ ಕಿತ್ತುಬಂತು, ದಿಬ್ಬ ಮಲಗಿತು, ಅದರ ಮೇಲೆ ಕೆಂಪು ಜಮಖಾನೆ ಬಿತ್ತು.

“ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ ನಮ್ಮ ದಿಬ್ಬ!” ಎಂದು ಅವಳು ಸಭೆಯಲ್ಲಿ ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ.

ಕಪ್ ಕೊಟ್ಟ ಅಧ್ಯಕ್ಷರು ಸುತ್ತ ಕಣ್ಣಾಡಿಸಿದರು. “ಅಂದಹಾಗೆ, ಆ ದಿಬ್ಬ ಎಲ್ಲಿ?”

“ತಾವು ಅದರ ಮೇಲೇ ನಿಂತಿದೀರಿ ಸಾರ್!” ಹೆಡ್‌ಮಾಸ್ಟರು ಹಲ್ಲುಕಿರಿದರು.

ಅಧ್ಯಕ್ಷರು ಬೂಟಿನಿಂದ ಜಮಖಾನೆಯನ್ನು ಎರಡು ಸಲ ತಟ್ಟಿದರು. “ಪರವಾಗಿಲ್ಲ, ಗಟ್ಟಿಯಾಗೇ ಇದೆ.”

ಮನೆಯಲ್ಲಿ ಅಮ್ಮ ಹೊಸಿಲ ಮೇಲಿನ ಮರಳು ಗುಡಿಸುತ್ತಿದ್ದಳು. ಕಂಡಿ ಮತ್ತೆ ಬಾಯಿ ತೆರೆದದ್ದು ಅಲ್ಲಿಂದಲೇ ಕಾಣುತ್ತಿತ್ತು.

“ಕಪ್ ಗೆದ್ಯಂತೆ? ಒಳ್ಳೇದಾಯ್ತು ಬಿಡು. ಸಮುದ್ರ ಬಂದ್ರೆ ಬಾಗಿಲಿಗೆ ಅಡ್ಡ ಇಡೋಣ.”

“ಅಮ್ಮಾ, ಮೇಷ್ಟ್ರು ಬೇಲಿ ಕಿತ್ತಿದ್ದು...”

“ಮೇಷ್ಟ್ರು ಕಿತ್ರು. ನೀನೇನ್ ಮಾಡ್ತಿದ್ದೆ?”

“ಬಾಯಿಪಾಠ.”

ಅಮ್ಮ ಮತ್ತೆ ಗುಡಿಸತೊಡಗಿದಳು.

ಮರುದಿನ ಸ್ಕೂಲಿಗೆ ರಜೆ. ಕಸದ ರಾಶಿಯಲ್ಲಿ ಬಿದ್ದಿದ್ದ ಕಡ್ಡಿಗಳನ್ನು ಪುಟಾಣಿ ಕಂಡಿಗೆ ಎಳೆದು ತಂದಳು. ಗುಂಡಿ ತೋಡಲು ಮನೆಯಲ್ಲಿ ಕೈಗೆ ಸಿಕ್ಕಿದ್ದು ಕಪ್.

ದಾರಿಯಲ್ಲಿ ಹೋಗುತ್ತಿದ್ದ ಅವಳ ಕ್ಲಾಸಿನ ಉದ್ದಜಡೆಯ ಹುಡುಗಿ ನಿಂತಳು. “ಅಯ್ಯೋ, ಕಪ್ ಕೆರೆದುಹೋಗುತ್ತೆ ಕಣೇ!”

ಆಗಲೇ ಹೋಗಿತ್ತು. ಚಿನ್ನದ ಬಣ್ಣದ ಕೆಳಗೆ ಬರೀ ತಗಡು. ಅಗೆಯಲು ಮಾತ್ರ ಚೆನ್ನಾಗಿತ್ತು.

“ಇದನ್ನ ಹಿಡ್ಕೋ,” ಪುಟಾಣಿ ಒಂದು ಕಡ್ಡಿ ಚಾಚಿದಳು.

“ಮೇಷ್ಟ್ರು ಮತ್ತೆ ಕೀಳಿಸಿದ್ರೆ?”

“ಯಾಕೆ ಅಂತ ಕೇಳ್ತೀನಿ. ಬಾಯಿಪಾಠ ಮಾಡದೇನೇ.”

ಗಾಳಿ ಬೀಸಿತು. ನೆಟ್ಟ ಮೊದಲ ಕಡ್ಡಿಗಳ ಹಿಂದೆ ಒಂದು ಹಿಡಿ ಮರಳು ಬಂದು ಸುಮ್ಮನೆ ಕುಳಿತುಕೊಂಡಿತು.